ಹಲವು ಸೀರಿಯಲ್ ಸಾಧನಗಳು, ಒಂದೇ ಕಂಪ್ಯೂಟರ್: ಯಾವುದು ಯಾವುದೆಂದು ತಿಳಿಯುವುದು ಹೇಗೆ?

ನಾಲ್ಕು ತಾಪಮಾನ ಮಾಪಕಗಳನ್ನು ಯುಎಸ್‌ಬಿ-ಸೀರಿಯಲ್ ಪರಿವರ್ತಕಗಳ (ಬಿಟ್‌ಗಳನ್ನು ಒಂದರ ಹಿಂದೆ ಒಂದಾಗಿ ಕಳುಹಿಸುವ ಸೀರಿಯಲ್ ತಂತಿಯನ್ನು ಯುಎಸ್‌ಬಿಗೆ ಹೊಂದಿಸುವ ಸಾಧನಗಳು) ಮೂಲಕ ಒಂದೇ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದ್ದೆ. ಒಮ್ಮೆ ವಿದ್ಯುತ್ ಹೋಗಿ ಬಂದ ಮೇಲೆ ಕಂಪ್ಯೂಟರ್ ತಾನಾಗಿಯೇ ಶುರುವಾಯಿತು, ದಾಖಲೆಯೂ ಮುಂದುವರಿಯಿತು. ಆದರೆ ಎರಡು ಮಾಪಕಗಳ ಹೆಸರು ಅದಲುಬದಲಾಗಿತ್ತು. ಅಂಕಿಗಳು ಎಂದಿನಂತೆ ಬರುತ್ತಿದ್ದುದರಿಂದ ಹಲವು ದಿನ ಅದು ನನ್ನ ಗಮನಕ್ಕೇ ಬರಲಿಲ್ಲ. ಹೆಚ್ಚು ಸಾಧನಗಳಿಗೆ ಹೆಚ್ಚು ಪೋರ್ಟ್ ಒದಗಿಸುವುದು ಸುಲಭ, ಪ್ರತಿಯೊಂದನ್ನೂ ತಪ್ಪದೆ ಗುರುತಿಸುವುದೇ ನಿಜವಾದ ಕೆಲಸ ಎಂಬುದು ನನಗೆ ಮನವರಿಕೆಯಾದದ್ದು ಆಗ.

ಲಿನಕ್ಸ್ ಈ ಪರಿವರ್ತಕಗಳಿಗೆ ಟಿಟಿವೈಯುಎಸ್‌ಬಿ0, ಟಿಟಿವೈಯುಎಸ್‌ಬಿ1 ಎಂದು ಕಂಡುಬಂದ ಕ್ರಮದಲ್ಲಿ ಹೆಸರಿಡುತ್ತದೆ, ಮತ್ತು ಆ ಕ್ರಮ ಪ್ರತಿ ಬಾರಿಯೂ ಒಂದೇ ಆಗಿರಬೇಕೆಂದಿಲ್ಲ. ಪರಿವರ್ತಕದ ಚಿಪ್‌ನಲ್ಲಿ ಪ್ರತ್ಯೇಕ ಕ್ರಮಸಂಖ್ಯೆ ಇದ್ದರೆ, ಅದನ್ನು ಆಧರಿಸಿ ಯುಡೆವ್ (ಲಿನಕ್ಸ್‌ನಲ್ಲಿ ಸಾಧನಗಳ ಹೆಸರುಗಳನ್ನು ನಿರ್ವಹಿಸುವ ವ್ಯವಸ್ಥೆ) ನಿಯಮ ಬರೆದು ಸ್ಥಿರವಾದ ಹೆಸರು ಕೊಡಬಹುದು. ಅಗ್ಗದ ಪರಿವರ್ತಕಗಳಲ್ಲಿ ಅನೇಕಕ್ಕೆ ಅಂಥ ಸಂಖ್ಯೆಯೇ ಇರುವುದಿಲ್ಲವಾದ್ದರಿಂದ, ಅವನ್ನು ಹಬ್‌ನ ಯಾವ ಕಿಂಡಿಗೆ ಚುಚ್ಚಿದೆ ಎಂಬುದರಿಂದಲೇ ಗುರುತಿಸಬೇಕು. ಆಮೇಲೆ ಕೇಬಲ್‌ಗಳ ಜಾಗವನ್ನು ಬದಲಿಸುವಂತಿಲ್ಲ. ಕ್ರಮಸಂಖ್ಯೆ ಇರುವ ಪರಿವರ್ತಕಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಒಂದೇ ಆರ್‌ಎಸ್-232 (ಎರಡೇ ಸಾಧನಗಳ ನಡುವಿನ ಸೀರಿಯಲ್ ಸಂಪರ್ಕದ ಮಾನದಂಡ) ಪೋರ್ಟಿಗೆ ಎರಡು ಸಾಧನಗಳ ತಂತಿಗಳನ್ನು ಸೇರಿಸಿಬಿಡಬಹುದೇ ಎಂದು ಕೆಲವರು ಕೇಳುತ್ತಾರೆ. ಸೇರಿಸಬಾರದು. ಆ ಪದ್ಧತಿಯಲ್ಲಿ ಕಳುಹಿಸುವ ತಂತಿ ಸುಮ್ಮನಿರುವಾಗಲೂ ಋಣ ವೋಲ್ಟೇಜಿನಲ್ಲಿ ನಿಂತಿರುತ್ತದೆ, ಆದ್ದರಿಂದ ಒಂದು ಸಾಧನ ಮಾತನಾಡಹೊರಟರೆ ಇನ್ನೊಂದು ಅದನ್ನು ಅದುಮುತ್ತದೆ. ಹಲವು ಸಾಧನಗಳು ಒಂದೇ ತಂತಿಯನ್ನು ಹಂಚಿಕೊಳ್ಳಲೆಂದೇ ಇರುವ ಆರ್‌ಎಸ್-485 ಮಾನದಂಡದಲ್ಲಿ ಹಾಗಲ್ಲ: ಮಾತು ಮುಗಿಸಿದ ಸಾಧನ ತಂತಿಯನ್ನು ಪೂರ್ತಿ ಬಿಟ್ಟುಕೊಡುತ್ತದೆ. ಹೀಗಾಗಿ ಒಂದೇ ಜೋಡಿ ತಂತಿಯ ಮೇಲೆ 32 ಪ್ರಮಾಣಿತ ಸಾಧನಗಳು, ಕಡಿಮೆ ವೇಗದಲ್ಲಾದರೆ ಸುಮಾರು 1200 ಮೀಟರ್ ದೂರದವರೆಗೆ, ಇರಬಲ್ಲವು. ತಂತಿಯನ್ನು ನಕ್ಷತ್ರದಂತೆ ಕವಲೊಡೆಸದೆ ಒಂದರಿಂದ ಇನ್ನೊಂದಕ್ಕೆ ಸರಪಳಿಯಾಗಿ ಎಳೆದು, ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೋಧಕ ಹಾಕಬೇಕು.

ಇಲ್ಲಿ ಗುರುತಿನ ಪ್ರಶ್ನೆ ವಿಳಾಸದ ರೂಪದಲ್ಲಿ ಬರುತ್ತದೆ. ಇಂಥ ಸಾಲಿನಲ್ಲಿ ಸಾಧನಗಳು ಮಾತನಾಡಲು ಬಳಸುವ ಮಾಡ್‌ಬಸ್ ಎಂಬ ನಿಯಮಾವಳಿಯಲ್ಲಿ 1ರಿಂದ 247ರವರೆಗೆ ವಿಳಾಸಗಳಿದ್ದರೂ, ಹೊಸ ಸಾಧನಗಳು ಸಾಮಾನ್ಯವಾಗಿ ಎಲ್ಲವೂ 1 ಎಂಬ ವಿಳಾಸದಲ್ಲೇ ಬರುತ್ತವೆ. ಆದ್ದರಿಂದ ಒಂದೊಂದನ್ನೇ ಬೇರೆಯಾಗಿ ಜೋಡಿಸಿ ವಿಳಾಸ ಬದಲಿಸಿದ ನಂತರವೇ ಸಾಲಿಗೆ ಸೇರಿಸಬೇಕು. ಸಮಯವನ್ನೂ ಲೆಕ್ಕ ಹಾಕಬೇಕು. 9600 ಬಾಡ್ (ಇಲ್ಲಿ ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್ ಬೇಕು. ಹತ್ತು ರಿಜಿಸ್ಟರ್ (ಸಾಧನದೊಳಗೆ ಅಂಕಿಗಳನ್ನು ಇಡುವ, ತಲಾ ಎರಡು ಬೈಟ್‌ಗಳ ಜಾಗ) ಓದಲು ಪ್ರಶ್ನೆಗೆ 8, ಉತ್ತರಕ್ಕೆ 25 ಬೈಟ್‌ಗಳಾದರೆ, ನಡುವಿನ ಮೌನವೂ ಸಾಧನ ಉತ್ತರಿಸಲು ತೆಗೆದುಕೊಳ್ಳುವ ಸಮಯವೂ ಸೇರಿ ಇಪ್ಪತ್ತು ಸಾಧನಗಳ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ಸೆಕೆಂಡ್ ಹಿಡಿಯುತ್ತದೆ. ಅವುಗಳಲ್ಲಿ ಒಂದು ಕೆಟ್ಟು, ಅದರ ಉತ್ತರಕ್ಕಾಗಿ ಪ್ರೋಗ್ರಾಂ ಮತ್ತೊಂದು ಸೆಕೆಂಡ್ ಕಾದರೆ, ಉಳಿದ ಹತ್ತೊಂಬತ್ತೂ ಕಾಯಬೇಕು.

ಸಾಧನಗಳು ಬೇರೆ ಬೇರೆ ಕೋಣೆಗಳಲ್ಲಿದ್ದರೆ ಸೀರಿಯಲ್ ಸರ್ವರ್ (ಸೀರಿಯಲ್ ಪೋರ್ಟನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ) ಮೂಲಕ ನೆಟ್‌ವರ್ಕಿಗೆ ತರುವುದು ಅನುಕೂಲ. ಬೈಟ್‌ಗಳನ್ನು ಹಾಗೆಯೇ ಟಿಸಿಪಿಯಲ್ಲಿ (ನೆಟ್‌ವರ್ಕಿನಲ್ಲಿ ದತ್ತಾಂಶ ಸಾಗಿಸುವ ಒಂದು ವಿಧಾನ) ಸಾಗಿಸಿದಾಗ, ಮಾಡ್‌ಬಸ್ ಆರ್‌ಟಿಯು (ಸೀರಿಯಲ್ ತಂತಿಗೆಂದಿರುವ ಮಾಡ್‌ಬಸ್ ರೂಪ) ಸಂದೇಶಗಳನ್ನು ಬೇರ್ಪಡಿಸುವ ಮೂರೂವರೆ ಅಕ್ಷರದಷ್ಟು ಮೌನ ಉಳಿಯುವ ಖಾತರಿಯಿಲ್ಲ. ಅದಕ್ಕೆ ನೆಟ್‌ವರ್ಕಿಗೆಂದಿರುವ ರೂಪವಾದ ಮಾಡ್‌ಬಸ್ ಟಿಸಿಪಿಗೆ ಪರಿವರ್ತಿಸುವ ಗೇಟ್‌ವೇ ಉತ್ತಮ. ಸರ್ವರಿನ ಐಪಿ ವಿಳಾಸವನ್ನು ಸ್ಥಿರವಾಗಿಡಬೇಕು, ಇಲ್ಲವಾದರೆ ಹಳೆಯ ಅದಲುಬದಲು ಹೊಸ ದಾರಿಯಲ್ಲಿ ಮರಳುತ್ತದೆ.

ಈಗ ನನ್ನ ಪ್ರೋಗ್ರಾಂ ಶುರುವಾದ ಕೂಡಲೇ ಪ್ರತಿ ಮಾಪಕದಿಂದ ಅದರದೇ ಕ್ರಮಸಂಖ್ಯೆಯನ್ನು ಕೇಳಿ ಪಟ್ಟಿಯೊಂದಿಗೆ ಹೋಲಿಸುತ್ತದೆ. ಒಂದು ಹೊಂದದಿದ್ದರೂ ಆ ಮಾಪಕದ ಒಂದು ಅಂಕಿಯನ್ನೂ ದಾಖಲಿಸುವುದಿಲ್ಲ.