ಕರಿಚಿರತೆ ಬೇರೆ ಜಾತಿಯೇ?

ಕಬಿನಿಯ ಸಫಾರಿ ಮುಗಿಸಿ ಬಂದ ಪರಿಚಿತರು ಮೊಬೈಲಿನಲ್ಲಿ ಕರಿಚಿರತೆಯ ಫೋಟೊ ತೋರಿಸಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇದು ಚಿರತೆಯೇನಾ, ಇಲ್ಲ ಬೇರೆ ಜಾತಿಯೇ?’ ಬೇರೆ ಪ್ರಭೇದವಲ್ಲ ಎಂದರೆ, ‘ಹಾಗಾದರೆ ಉಪಪ್ರಭೇದವಾದರೂ ಇರಬೇಕಲ್ಲ, ಬಣ್ಣವೇ ಇಷ್ಟು ಬೇರೆಯಿದೆ’ ಎನ್ನುತ್ತಾರೆ. ಅದೂ ಅಲ್ಲ. ಯಾಕೆ ಅಲ್ಲ ಎಂಬುದನ್ನು ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಫೋಟೊವನ್ನೇ ಹಿಗ್ಗಿಸಿ, ಓರೆಬಿಸಿಲು ಬಿದ್ದ ಭುಜದ ಭಾಗವನ್ನು ನೋಡಿ. ಕಪ್ಪಿನೊಳಗೆ ಇನ್ನೂ ಕಡುಗಪ್ಪಾದ ಉಂಗುರಗಳು ಕಾಣುತ್ತವೆ; ಅವು ಹಳದಿ ಚಿರತೆಯ ಮೈಮೇಲಿನ ಚುಕ್ಕೆಗಳೇ. ಮಲೇಷ್ಯಾದ ಕಾಡಿನಲ್ಲಿ ಸಂಶೋಧಕರು ಕ್ಯಾಮೆರಾ ಟ್ರ್ಯಾಪ್‌ಗಳನ್ನು ಹಗಲಿನಲ್ಲೂ ಇನ್‌ಫ್ರಾರೆಡ್ ಬೆಳಕಿನಲ್ಲಿಯೇ ಚಿತ್ರ ತೆಗೆಯುವಂತೆ ಮಾರ್ಪಡಿಸಿ, ಹೀಗೆ ಅಡಗಿದ ಚುಕ್ಕೆಗಳಿಂದ ಒಂದೊಂದು ಕರಿಚಿರತೆಯನ್ನೂ ಬೇರೆಬೇರೆಯಾಗಿ ಗುರುತಿಸಿದ್ದಾರೆ. ಈ ಕಪ್ಪು ಎಎಸ್‌ಐಪಿ ಎಂಬ ಒಂದೇ ಜೀನಿನಲ್ಲಾದ ಬದಲಾವಣೆಯ ಫಲ. ತಂದೆ, ತಾಯಿ ಇಬ್ಬರಿಂದಲೂ ಬದಲಾದ ಪ್ರತಿಯೇ ಬಂದರೆ ಮರಿ ಕಪ್ಪಾಗುತ್ತದೆ, ಒಬ್ಬರಿಂದ ಮಾತ್ರ ಬಂದರೆ ಹಳದಿಯಾಗಿಯೇ ಇರುತ್ತದೆ. ಹಾಗಾಗಿ ಹಳದಿ ತಾಯಿಯ ಒಂದೇ ಸೂಲಿನಲ್ಲಿ ಎರಡೂ ಬಣ್ಣದ ಮರಿಗಳು ಹುಟ್ಟಬಹುದು. ಒಡಹುಟ್ಟಿದವುಗಳಲ್ಲಿ ಒಂದನ್ನು ಒಂದು ಉಪಪ್ರಭೇದಕ್ಕೆ, ಇನ್ನೊಂದನ್ನು ಮತ್ತೊಂದಕ್ಕೆ ಸೇರಿಸುವುದು ಹೇಗೆ?

ಈ ತಪ್ಪನ್ನು ದೊಡ್ಡ ವಿದ್ವಾಂಸರೂ ಮಾಡಿದ್ದಾರೆ. ಆಫ್ರಿಕಾದ ಚೀತಾಗಳಲ್ಲಿ ಕೆಲವಕ್ಕೆ ಚುಕ್ಕೆಗಳು ಕೂಡಿಕೊಂಡು, ಬೆನ್ನುದ್ದಕ್ಕೂ ದಪ್ಪ ಪಟ್ಟೆಗಳಿರುತ್ತವೆ. ಬ್ರಿಟಿಷ್ ಪ್ರಾಣಿವಿಜ್ಞಾನಿ ಪೊಕಾಕ್ 1927ರಲ್ಲಿ ಅದನ್ನು ಹೊಸ ಪ್ರಭೇದವೆಂದೇ ಬಗೆದು ‘ರಾಜ’ ಎಂಬರ್ಥದ ಲ್ಯಾಟಿನ್ ಹೆಸರು ಕೊಟ್ಟರು. ಆಮೇಲೆ ಅವರೇ ಅದನ್ನು ಕೈಬಿಟ್ಟರು. 1981ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಚೀತಾ ಸಾಕಣೆ ಕೇಂದ್ರದಲ್ಲಿ ಸಾಮಾನ್ಯ ಚುಕ್ಕೆಯ ತಾಯಿಗೇ ಅಂಥ ಪಟ್ಟೆಯ ಮರಿ ಹುಟ್ಟಿದ ಮೇಲೆ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಕಾರಣ ಟಾಕ್‌ಪೆಪ್ ಎಂಬ ಜೀನು ಎಂದು 2012ರಲ್ಲಿ ತಿಳಿಯಿತು. ಒಡಿಶಾದ ಸಿಮಿಲಿಪಾಲದ ‘ಕಪ್ಪು ಹುಲಿ’ಗಳ ಅಗಲ ಪಟ್ಟೆಗಳ ಹಿಂದೆಯೂ ಅದೇ ಜೀನು ಇದೆಯೆಂದು 2021ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಅವರ ತಂಡ.

ಹಾಗಾದರೆ ಉಪಪ್ರಭೇದ ಎಂದರೇನು? ಅದು ಒಂದು ಪ್ರಾಣಿಯ ಲಕ್ಷಣವಲ್ಲ, ಒಂದು ಪ್ರದೇಶದಲ್ಲಿ ಬಾಳುವ ಇಡೀ ಸಮುದಾಯದ ಲಕ್ಷಣ. ಇನ್ನೊಂದು ಪ್ರದೇಶದ ತನ್ನವುಗಳೊಡನೆ ಕೂಡಿ ಮರಿ ಹಾಕಬಲ್ಲದಾದರೂ, ಬಹುಕಾಲ ದೂರವಿದ್ದುದರಿಂದ ಆ ಸಮುದಾಯ ಬೇರೆಯಾಗಿ ಗುರುತು ಹಿಡಿಯುವಷ್ಟು ಬದಲಾಗಿರಬೇಕು. ಎಷ್ಟು ಬದಲಾಗಿರಬೇಕು ಎಂಬುದಕ್ಕೆ ಅಮೆರಿಕದ ಪಕ್ಷಿವಿಜ್ಞಾನಿ ಡೀನ್ ಅಮಡಾನ್ 1949ರಲ್ಲಿ ವಿವರಿಸಿದ ಅಳತೆಯೊಂದಿದೆ: ಒಂದು ಪ್ರದೇಶದ ಕನಿಷ್ಠ ಶೇ 75ರಷ್ಟು ಜೀವಿಗಳನ್ನು ಇನ್ನೊಂದು ಪ್ರದೇಶದ ಬಹುತೇಕ ಎಲ್ಲವುಗಳಿಂದ ಬೇರ್ಪಡಿಸಿ ಹೇಳಲು ಬರಬೇಕು. ಆದರೆ 75 ಎಂಬುದು ಪ್ರಕೃತಿ ಕೊಟ್ಟ ಸಂಖ್ಯೆಯಲ್ಲ, ನಾವು ಒಪ್ಪಿಕೊಂಡ ಗಡಿ.

ಈ ಗಡಿಯನ್ನು ಕಣ್ಣುಮುಚ್ಚಿ ಹಿಡಿದರೆ ಏನಾಗುತ್ತದೆಂಬುದಕ್ಕೂ ಕರಿಚಿರತೆಯೇ ಸಾಕ್ಷಿ. ದಕ್ಷಿಣ ಥಾಯ್ಲೆಂಡಿನ ಕ್ರಾ ಭೂಸಂಧಿಯಿಂದ ಕೆಳಗೆ, ಮಲಯ ಪರ್ಯಾಯ ದ್ವೀಪದಲ್ಲಿ, ಚಿರತೆಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪೇ. ಲೆಕ್ಕದ ಪ್ರಕಾರ ಅವು ಶೇ 75ನ್ನು ದಾಟಿಯೇಬಿಟ್ಟವು. ಆದರೂ ಅವನ್ನು ಉತ್ತರದ ಚುಕ್ಕೆ ಚಿರತೆಗಳಿರುವ ಇಂಡೋಚೀನಾದ ಉಪಪ್ರಭೇದದಲ್ಲಿಯೇ ಇರಿಸಿದ್ದಾರೆ. ಒಂದು ಜೀನಿನ ಒಂದು ಬಣ್ಣ ಸಾಲದು; ತಲೆಬುರುಡೆಯ ಅಳತೆ, ತುಪ್ಪಳ, ಡಿಎನ್ಎ ಎಲ್ಲವೂ ಒಂದೇ ಗಡಿಯತ್ತ ಬೆರಳು ತೋರಿಸಬೇಕು ಎಂಬ ಇಂದಿನ ಪಟ್ಟು ನನಗೆ ಸರಿಯೆನಿಸುತ್ತದೆ.

ಗಿಡಗಳಲ್ಲಿ ಇನ್ನೊಂದು ತೊಡಕಿದೆ, ಅವು ನಿಂತ ನೆಲಕ್ಕೆ ತಕ್ಕಂತೆ ಬೆಳೆಯುತ್ತವೆ. ಕ್ಲಾಸೆನ್, ಕೆಕ್, ಹೀಸಿ ಎಂಬ ಮೂವರು ಕ್ಯಾಲಿಫೋರ್ನಿಯಾದಲ್ಲಿ ಒಂದೇ ಗಿಡವನ್ನು ಸೀಳಿ, ಸಮುದ್ರಮಟ್ಟದ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿ, ಸುಮಾರು 1,400 ಮೀಟರ್ ಎತ್ತರದ ಮ್ಯಾಥರ್‌ನಲ್ಲಿ, ಸುಮಾರು 3,000 ಮೀಟರ್ ಎತ್ತರದ ಟಿಂಬರ್‌ಲೈನ್‌ನಲ್ಲಿ ಒಂದೊಂದು ತುಂಡನ್ನು ನೆಟ್ಟು ನೋಡಿದರು. ಒಂದೇ ಗಿಡದ ತುಂಡುಗಳು ಮೂರು ಕಡೆ ಮೂರು ಬಗೆಯಾಗಿ ಬೆಳೆದರೆ ಆ ವ್ಯತ್ಯಾಸ ಹವೆಯದು. ಬೇರೆ ಬೇರೆ ಕಡೆಯಿಂದ ತಂದ ಗಿಡಗಳು ಒಂದೇ ಮಡಿಯಲ್ಲಿ ಬೆಳೆದೂ ತಮ್ಮ ಭೇದವನ್ನು ಬಿಡದಿದ್ದರೆ ಅದು ಹುಟ್ಟಿನಿಂದ ಬಂದದ್ದು. ಹುಲಿಯನ್ನು ಹೀಗೆ ಸೀಳಿ ನೆಡಲು ಬರುವುದಿಲ್ಲವಲ್ಲ!

ಹುಲಿಯ ವಿಷಯದಲ್ಲಂತೂ ತಜ್ಞರಲ್ಲೇ ಒಮ್ಮತವಿಲ್ಲ. ಹಿಂದೆ ಒಂಬತ್ತು ಉಪಪ್ರಭೇದಗಳೆನ್ನುತ್ತಿದ್ದರು. 2017ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ, ಬೆಕ್ಕಿನ ಕುಟುಂಬದ ಪ್ರಾಣಿಗಳ ತಜ್ಞರ ಗುಂಪು ಏಷ್ಯಾದ ಮುಖ್ಯ ಭೂಭಾಗಕ್ಕೆ ಒಂದು, ಸುಮಾತ್ರಾ, ಜಾವಾ, ಬಾಲಿ ದ್ವೀಪಗಳಿಗೆ ಒಂದು ಎಂದು ಎರಡಕ್ಕಿಳಿಸಿತು. ಮರುವರ್ಷವೇ 32 ಹುಲಿಗಳ ಪೂರ್ಣ ಜೀನೋಮ್ (ಇಡೀ ಡಿಎನ್ಎ) ಓದಿದ ಇನ್ನೊಂದು ತಂಡ, ಬದುಕಿರುವವೇ ಆರು ಗುಂಪುಗಳೆಂದಿತು. ಇಬ್ಬರೂ ತಪ್ಪು ಲೆಕ್ಕ ಹಾಕಿದ್ದಾರೆಂದಲ್ಲ. ಹುಲಿಯ ಗಾತ್ರ, ಬಣ್ಣಗಳು ಉತ್ತರದಿಂದ ದಕ್ಷಿಣಕ್ಕೆ ಮೆಲ್ಲಮೆಲ್ಲನೆ ಬದಲಾಗುತ್ತವೆ. ಇಳಿಜಾರಿನಲ್ಲಿ ಗೆರೆ ಎಲ್ಲಿ ಎಳೆಯಬೇಕೆಂಬುದು ಯಾವ ಪುರಾವೆಗೆ ಎಷ್ಟು ತೂಕ ಕೊಡುತ್ತೇವೆ ಎಂಬುದರ ಮೇಲೆ ನಿಂತಿದೆ. ಇದು ಹೆಸರಿನ ಜಗಳವಷ್ಟೇ ಅಲ್ಲ. ಹಿಂದೆ ಕಜಕಸ್ತಾನದಲ್ಲೂ ಇದ್ದು ಅಳಿದುಹೋದ ಕ್ಯಾಸ್ಪಿಯನ್ ಹುಲಿಯ ಡಿಎನ್ಎ ಸೈಬೀರಿಯಾದ ಹುಲಿಯೆಂದೂ ಕರೆಯುವ ಅಮೂರ್ ಹುಲಿಯದಕ್ಕೆ ಬಹಳ ಹತ್ತಿರವೆಂದು 2009ರಲ್ಲಿ ತಿಳಿದದ್ದರಿಂದಲೇ, 2024ರಲ್ಲಿ ನೆದರ್ಲೆಂಡ್ಸ್‌ನಿಂದ ಎರಡು ಅಮೂರ್ ಹುಲಿಗಳನ್ನು ಅವುಗಳ ಬದಲಿಗೆ ಕಜಕಸ್ತಾನಕ್ಕೆ ಕರೆದೊಯ್ಯಲು ಸಾಧ್ಯವಾಯಿತು.

ಕೊನೆಗೆ ಮತ್ತೆ ಕಬಿನಿಯ ಫೋಟೊಗೆ ಬರುತ್ತೇನೆ. ಭಾರತದ ಚಿರತೆಗಳೆಲ್ಲ ಸೇರಿದ ಉಪಪ್ರಭೇದದ ಹೆಸರು ಪ್ಯಾಂಥೆರಾ ಪಾರ್ಡಸ್ ಫುಸ್ಕಾ. ಲ್ಯಾಟಿನ್‌ನಲ್ಲಿ ಫುಸ್ಕಾ ಎಂದರೆ ಕಡುಗಂದು. 1794ರಲ್ಲಿ ಮೆಯರ್ ಎಂಬ ಜರ್ಮನ್ ವಿದ್ವಾಂಸ ಬಂಗಾಳದ ಒಂದು ಪ್ರಾಣಿಯನ್ನು ಬಣ್ಣಿಸುತ್ತಾ, ಮೊದಲ ನೋಟಕ್ಕೆ ಅದು ಕಪ್ಪು, ಹತ್ತಿರದಿಂದ ನೋಡಿದರೆ ಕಡುಗಂದು ಮೈಯಲ್ಲಿ ಇನ್ನೂ ಕಡುಬಣ್ಣದ ದುಂಡು ಚುಕ್ಕೆಗಳಿವೆ ಎಂದು ಬರೆದು, ಅದನ್ನು ಬೇರೆ ಪ್ರಭೇದವೆಂದೇ ಹೆಸರಿಸಿದ್ದ. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ನಾಮಕರಣದ ನಿಯಮವಾದ್ದರಿಂದ, ತುಮಕೂರಿನ ಕುರುಚಲು ಗುಡ್ಡದ ಹಳದಿ ಚಿರತೆಗೂ ಇಂದು ಆ ಕರಿಚಿರತೆಯ ಹೆಸರೇ ಇದೆ.