ಹೆಗಲ ಮೇಲಿನ ಕೈ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಎರಡನೇ ಮಹಾಯುದ್ಧದ ಹಳೇ ಫೋಟೋಗಳನ್ನು ನೋಡುತ್ತಾ ಕೂತೆ. ಅಮೆರಿಕದ 100ನೇ ಬಾಂಬರ್ ಗ್ರೂಪ್ ಅನ್ನೋ ವಾಯುಸೇನಾ ತಂಡದವರ ಫೋಟೋಗಳು, 1943ರಲ್ಲಿ ಇಂಗ್ಲೆಂಡಿನ ಥಾರ್ಪ್ ಅಬಟ್ಸ್ ಅನ್ನೋ ಹಳ್ಳಿಯ ವಿಮಾನನೆಲೆಗೆ ಬಂದಿಳಿದವರು.

ಹೆಚ್ಚುಕಮ್ಮಿ ಎಲ್ಲ ಫೋಟೋನೂ ಒಂದೇ ಥರ. ಹಿಂದೆ ಬಿ-17 ಬಾಂಬರ್ ವಿಮಾನ, ಮುಂದೆ ಹತ್ತು ಹುಡುಗರು, ಕೆಲವರು ನಿಂತು, ಕೆಲವರು ಮಂಡಿಯೂರಿ. ಕಾಲೇಜಿನ ಕ್ರಿಕೆಟ್ ಟೀಮಿನ ಫೋಟೋ ಇದ್ದ ಹಾಗೇ, ಅಲ್ವಾ ಅನ್ನಿಸಿತು.

ಒಂದರಲ್ಲಿ ನಿಂತವನ ಕೈ ಮುಂದೆ ಕೂತವನ ಹೆಗಲ ಮೇಲಿದೆ. ದಪ್ಪ ಕೈಗವಸು. 25 ಸಾವಿರ ಅಡಿ ಮೇಲೆ ಮೈನಸ್ 40 ಡಿಗ್ರಿ ಚಳಿ, ವಿಮಾನದ ಪಕ್ಕದಲ್ಲಿ ಗನ್ ಇಡುವ ಕಿಟಕಿಗೆ ಗಾಜೂ ಇಲ್ಲ, ಬರಿಗೈಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತಿತ್ತು. ಆ ಕೈಗವಸನ್ನೇ ಎಷ್ಟೋ ಹೊತ್ತು ದೊಡ್ಡದು ಮಾಡಿ ನೋಡಿದೆ.

1943ರ ಅಕ್ಟೋಬರ್ 10, ಭಾನುವಾರ. ಜರ್ಮನಿಯ ಮ್ಯೂನ್‌ಸ್ಟರ್ ಮೇಲೆ ಬಾಂಬು ಹಾಕಿ ಥಾರ್ಪ್ ಅಬಟ್ಸ್‌ಗೆ ವಾಪಸ್ ಬಂದದ್ದು ಈ ಗ್ರೂಪಿನ ಒಂದೇ ಒಂದು ವಿಮಾನ, ರಾಬರ್ಟ್ ರೋಸೆಂಥಾಲ್ ಓಡಿಸುತ್ತಿದ್ದದ್ದು. ಹನ್ನೆರಡು ವಿಮಾನ ಬರಲೇ ಇಲ್ಲ. ಅವತ್ತಿನ ಗುರಿ ಊರಿನ ನಡುಭಾಗ, ಜನ ಬಾಳುತ್ತಿದ್ದ ಬೀದಿಗಳು. ಕೆಳಗಿದ್ದವರು ಹೀಗೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿರಲಿಲ್ಲ. ಇದು ನೆನಪಾದ ಮೇಲೆ ಮುಂದಿನ ಫೋಟೋಕ್ಕೆ ಹೋಗಲು ಮನಸ್ಸೇ ಬರಲಿಲ್ಲ.

ಆ ವಿಮಾನನೆಲೆಯ ಕಂಟ್ರೋಲ್ ಟವರ್ ಇನ್ನೂ ಇದೆ, ಈಗ ಮ್ಯೂಸಿಯಂ. ಹೋದವರು ಬಂದರಾ ಅಂತ ಅಲ್ಲಿ ನಿಂತೇ ವಿಮಾನ ಎಣಿಸುತ್ತಿದ್ದರು. ಒಂದ್ಸಲ ಆ ಮೆಟ್ಟಿಲು ಹತ್ತಬೇಕು.