ಬೀದರಿನ ಮಾಳಿಗೆಯ ಮೇಲೆ ಬೇಸಿಗೆಯ ವೈನು

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಕಲಬುರಗಿಯಿಂದ ಬೀದರಿಗೆ ಹೊರಟಾಗ ನಮ್ಮ ಕಾರಿನಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಇರಿಸಿದ್ದ ವಸ್ತುವೆಂದರೆ ಒಂದು ಥರ್ಮೋಕೋಲ್ ಡಬ್ಬಿ. ಅದರಲ್ಲಿ ಒದ್ದೆ ಟವೆಲ್ ಸುತ್ತಿದ ಮೂರು ಬಾಟಲಿ ವೈನು ಇದ್ದವು. ಅಕ್ಕ ಮತ್ತು ಭಾವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ರಾತ್ರಿ ಮಾಳಿಗೆಯ ಮೇಲೆ ಊಟ ಏರ್ಪಾಡಾಗಿತ್ತು. ಭಾವ ಫೋನಿನಲ್ಲಿ, "ಈ ಸಲ ಹಗುರಂದು, ತಣ್ಣಂದು ಏನರ ತಗೊಂಡು ಬಾ. ಹೋದ ವರ್ಷದ್ದು ಬ್ಯಾಡಪ್ಪ," ಎಂದು ಹೇಳಿದ್ದರು.

ಹೋದ ವರ್ಷದ ತಪ್ಪು ನನ್ನದೇ. ಓಕ್ ಪೀಪಾಯಿಯಲ್ಲಿ ಹಣ್ಣಾದ, ಶೇ 14ರಷ್ಟು ಆಲ್ಕೋಹಾಲ್ ಇದ್ದ ದಪ್ಪನೆಯ ಕೆಂಪು ವೈನನ್ನು ಒಯ್ದು, ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕೆಂಬ ಮಾತನ್ನು ನಂಬಿ ಹಾಗೆಯೇ ಬಡಿಸಿದ್ದೆ. ಆ ಮಾತು ಹುಟ್ಟಿದ್ದು ಯುರೋಪಿನ ತಂಪು ಮನೆಗಳಲ್ಲಿ. ಅಲ್ಲಿಯ ಕೋಣೆಯೆಂದರೆ ಹೆಚ್ಚೆಂದರೆ 18 ಡಿಗ್ರಿ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಮನೆಯೊಳಗಿನ ಬಾಟಲಿಯೂ ಬೆಚ್ಚಗಾಗಿರುತ್ತದೆ. ಬೆಚ್ಚಗಿನ ವೈನಿನಲ್ಲಿ ಹಣ್ಣಿನ ರುಚಿ ಹಿಂದೆ ಸರಿದು ಆಲ್ಕೋಹಾಲಿನ ಕಾವು ಮೂಗಿಗೆ ಹೊಡೆಯುತ್ತದೆ, ಬಾಯಿ ಒಗರಾಗುತ್ತದೆ. ಅಂದು ಯಾರೂ ಎರಡನೆಯ ಗುಟುಕು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಈ ಸಲ ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ಅರ್ಧ ಗಂಟೆ ಕಳೆದೆ. ನಮ್ಮ ಊರುಗಳಲ್ಲಿ ವೈನು ಎಂದರೆ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ ಸಿಹಿ, ಗಾಢ ಪೋರ್ಟ್ ಎಂದೇ ಬಹಳ ಜನ ತಿಳಿದಿದ್ದಾರೆ. "ಬಿಳೀದು ಯಾರೂ ಕೇಳಂಗಿಲ್ರಿ ಸರ್, ಕೆಂಪೇ ಹೋಗ್ತಾವ," ಎಂದು ಅಂಗಡಿಯ ಹುಡುಗ ಕಿಟಕಿಯ ಪಕ್ಕದ ಕಪಾಟಿನಿಂದ ಒಂದು ಬಿಳಿ ವೈನಿನ ಬಾಟಲಿಯನ್ನು ಇಳಿಸಿದ. ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಬಿರಡೆ ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು, ಕುತ್ತಿಗೆಯ ಸುತ್ತ ಅಂಟಾದ ಗುರುತಿತ್ತು, ತಿಳಿ ಹುಲ್ಲಿನ ಬಣ್ಣ ಇರಬೇಕಾದ ವೈನು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಸೆಕೆಯಲ್ಲಿ ವೈನು ಹಿಗ್ಗಿ ಬಿರಡೆಯನ್ನು ಒತ್ತುತ್ತದೆ. ಆ ಮೇಲೆ ಒಳಗೆ ನುಸುಳುವ ಗಾಳಿ ಉಳಿದ ಕೆಲಸವನ್ನು ಮುಗಿಸುತ್ತದೆ. ಬಿಸಿಲ ನಾಡಿನಲ್ಲಿ ವೈನು ಕೊಳ್ಳುವವರು ಹೆಸರು ಓದುವ ಮೊದಲು ಬಾಟಲಿಯನ್ನು ಎಲ್ಲಿ ಇಟ್ಟಿದ್ದರು ಎಂದು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಫ್ರಿಜ್ಜಿನಲ್ಲಿದ್ದವನ್ನೇ ತೋರಿಸಲು ಕೇಳಿಕೊಂಡೆ.

ಲೇಬಲ್ಲಿನಲ್ಲಿ ನಾನು ಹುಡುಕಿದ್ದು ಎರಡೇ ಅಂಕಿ: ವರ್ಷ ಮತ್ತು ಆಲ್ಕೋಹಾಲಿನ ಪ್ರಮಾಣ. ಹಗುರ ಬಿಳಿ ವೈನು ಇಟ್ಟಷ್ಟೂ ಬೆಳೆಯುವ ಜಾತಿಯದಲ್ಲ. ಅದರ ಸೊಗಸೆಲ್ಲ ಎಳೆತನದಲ್ಲಿದೆ. ದಖ್ಖನಿನಲ್ಲಿ ವೈನಿನ ದ್ರಾಕ್ಷಿಯ ಕೊಯ್ಲು ಬಹುಮಟ್ಟಿಗೆ ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ ಹೋದ ವರ್ಷದ ಬಾಟಲಿ ಸಿಕ್ಕರೆ ಸಾಕು, ಮೂರು ನಾಲ್ಕು ವರ್ಷ ಹಳೆಯದಾದರೆ ಬೇಡ. ಆಲ್ಕೋಹಾಲ್ ಶೇ 12.5 ದಾಟಿದ್ದನ್ನೆಲ್ಲ ಬಿಟ್ಟೆ. ಹಣ್ಣು ಬಳ್ಳಿಯಲ್ಲಿ ಹೆಚ್ಚು ದಿನ ಉಳಿದರೆ ಸಕ್ಕರೆ ಏರಿ ಹುಳಿ ಇಳಿಯುತ್ತದೆ, ಆ ಸಕ್ಕರೆಯೇ ಆಲ್ಕೋಹಾಲಾಗುತ್ತದೆ. ತುಸು ಬೇಗ ಕೊಯ್ದ ಹಣ್ಣಿನಲ್ಲಿ ನಮಗೆ ಬೇಕಾದ ಹುಳಿ ಉಳಿದಿರುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯ ಬಿಳಿ ವೈನುಗಳಾದ ರೀಸ್ಲಿಂಗ್‌ಗಳಲ್ಲಿ ಶೇ 8-9ರಷ್ಟು ಮಾತ್ರ ಇರುವವೂ ಇವೆ, ಪೋರ್ಚುಗಲ್ಲಿನ ವಿನ್ಯು ವೆರ್ದೆಯೂ ಅಂಥ ಹಗುರ ವೈನೇ. ಅವು ಆ ಅಂಗಡಿಯಲ್ಲಿ ಇರಲಿಲ್ಲ. ಕೊನೆಗೆ ನಾಸಿಕದ ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನು, ಅಲ್ಲಿಯದೇ ತುಸು ಸಿಹಿಯ ಇನ್ನೊಂದು ಬಿಳಿ ವೈನು ಶೆನಿನ್ ಬ್ಲಾಂಕ್, ನಂದಿ ಬೆಟ್ಟದ ಕಡೆಯ, ಶಿರಾಜ್ ಎಂಬ ಕೆಂಪು ದ್ರಾಕ್ಷಿಯಿಂದ ಮಾಡಿದ ನಸುಗೆಂಪು ವೈನು ರೋಸೆ, ಇಷ್ಟನ್ನು ಆರಿಸಿದೆ. ಕೆಂಪು ದ್ರಾಕ್ಷಿಯ ಸಿಪ್ಪೆಯನ್ನು ರಸದಲ್ಲಿ ಕೆಲವೇ ಗಂಟೆ ಬಿಟ್ಟು ತೆಗೆಯುವುದರಿಂದ ರೋಸೆಗೆ ಬಣ್ಣ ಬರುತ್ತದೆ, ಒಗರು ಬರುವುದಿಲ್ಲ.

ಊರು ಬಿಡುವ ಮೊದಲು ಹಫ್ತ್ ಗುಂಬಜ್ ಬಳಿ ಸ್ವಲ್ಪ ಹೊತ್ತು ನಿಂತೆವು. 1422ರಲ್ಲಿ ತೀರಿಕೊಂಡ ಫಿರೋಜ್ ಶಾಹ್ ಬಹಮನಿಯ ಗೋರಿ ಅಲ್ಲಿದೆ. ಮದ್ಯ ಮತ್ತು ಸಂಗೀತ ಎರಡನ್ನೂ ಬಿಡಲಾರದ ಸುಲ್ತಾನ ಎಂದು ಚರಿತ್ರೆಕಾರರು ಬರೆದಿಟ್ಟಿರುವುದು ಈತನನ್ನು ಕುರಿತೇ. ಕಮಲಾಪುರದಲ್ಲಿ ಕೆಂಪು ಬಾಳೆಯ ಒಂದು ಚಿಪ್ಪು ಕೊಂಡೆವು. ಹುಮನಾಬಾದಿನಲ್ಲಿ ಚಹಾಕ್ಕೆ ಇಳಿದಾಗ ಡಬ್ಬಿಯನ್ನೂ ಇಳಿಸಿ ಬೇವಿನ ನೆರಳಿನಲ್ಲಿ ಇಟ್ಟುಕೊಂಡೆವು, ಏಕೆಂದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗು ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ.

ಬೀದರ ಕಲಬುರಗಿಗಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಸಂಜೆಯಾದ ಮೇಲೆ ಮಾಳಿಗೆಯ ಮೇಲೆ ಗಾಳಿ ಆಡುತ್ತದೆ. ಆದರೆ ಅಂದು ಮಧ್ಯಾಹ್ನದಿಂದಲೇ ಕರೆಂಟು ಹೋಗಿತ್ತು, ಫ್ರಿಜ್ಜು ಬೆಚ್ಚಗಾಗಿತ್ತು. ಭಾವ ಐಸಿನ ಗಡ್ಡೆ ತರಿಸಿ ಒಡೆದರು. ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಉಪ್ಪು ಹಾಕಿ ಬಾಟಲಿಗಳನ್ನು ಕುತ್ತಿಗೆಯವರೆಗೆ ಮುಳುಗಿಸಿದೆವು. ಬರೀ ಐಸಿನ ತುಂಡುಗಳ ನಡುವೆ ಗಾಳಿಯ ಸಂದು ಉಳಿಯುತ್ತದೆ, ನೀರಾದರೋ ಗಾಜನ್ನು ಸುತ್ತಲೂ ತಬ್ಬಿಕೊಂಡು ಕಾವನ್ನು ಎಳೆದುಕೊಳ್ಳುತ್ತದೆ; ಉಪ್ಪು ಆ ನೀರನ್ನು ಸೊನ್ನೆ ಡಿಗ್ರಿಗಿಂತ ಕೆಳಕ್ಕೆ ಇಳಿಸುತ್ತದೆ. ಇಪ್ಪತ್ತು ನಿಮಿಷದಲ್ಲಿ ಹದ ಬಂತು. ಇಂಥ ವೈನಿಗೆ 8ರಿಂದ 10 ಡಿಗ್ರಿ ಸರಿಯಾದ ತಂಪು, ಅದಕ್ಕಿಂತ ಬಹಳ ತಣ್ಣಗಾದರೆ ಪರಿಮಳವೇ ಸತ್ತುಹೋಗುತ್ತದೆ.

ಅಕ್ಕ ಖಡಕ್ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ ಬಡಿಸಿದಳು. ಪುಂಡಿಪಲ್ಯದ ಹುಳಿಯ ಮುಂದೆ ಮೆತ್ತನೆಯ ವೈನು ಸಪ್ಪೆಯಾಗುತ್ತದೆ. ಅದರಷ್ಟೇ ಹುಳಿಯುಳ್ಳ ಸೊವಿನ್ಯೋ ಬ್ಲಾಂಕ್ ಅದಕ್ಕೆ ಸರಿಜೋಡಿಯಾಯಿತು. ಹಸಿ ಹುಲ್ಲಿನ, ನಿಂಬೆಯ ಘಮ ಆ ಸೊಪ್ಪಿನ ಹಸಿರು ರುಚಿಯೊಡನೆ ಕೂಡಿಕೊಂಡ ಬಗೆಯನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಎಣ್ಣೆಗಾಯಿಯ ಖಾರಕ್ಕೆ ಶೆನಿನ್ ಬ್ಲಾಂಕ್ ಒಗ್ಗಿತು. ಆಲ್ಕೋಹಾಲ್ ಹೆಚ್ಚಿದ್ದರೆ ಮೆಣಸಿನಕಾಯಿಯ ಉರಿ ಕೆರಳುತ್ತದೆ, ತುಸು ಸಿಹಿ ಅದನ್ನು ತಣಿಸುತ್ತದೆ. ರೋಸೆಯನ್ನು ಊಟಕ್ಕಿಂತ ಮೊದಲೇ ಮಿರ್ಚಿ ಭಜಿಯ ಜೊತೆ ಮುಗಿಸಿದ್ದೆವು. ಭಾವ ಒಂದು ಗುಟುಕು ಬಾಯಲ್ಲಿ ಆಡಿಸಿ, "ಹಾಂ, ಇದು ನಮ್ಮ ಬ್ಯಾಸಗಿಗೆ ಹೊಂದ್ತದ ನೋಡು," ಎಂದರು.

ಅದೇ ಹುಮ್ಮಸ್ಸಿನಲ್ಲಿ ಅವರು ಕಪಾಟಿನಿಂದ ಬಿದರಿ ಸುರಾಯಿಯನ್ನು ತಂದು ವೈನನ್ನು ಅದರಲ್ಲೇ ಸುರಿಯೋಣ ಎಂದಾಗ ನಾನು ತಡೆದೆ. ಕರಿಯ ಮೈಮೇಲೆ ಬೆಳ್ಳಿಯ ಬಳ್ಳಿ ಹಬ್ಬಿದ, ನೀಳ ಕುತ್ತಿಗೆಯ ಚೆಲುವಾದ ಪಾತ್ರೆ ಅದು. ಆದರೆ ಬಿದರಿಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪವೇ ತಾಮ್ರ. ಹುಳಿ ತಾಗಿದರೆ ಸತು ಕರಗುತ್ತದೆ, ನಾವು ಆರಿಸಿ ತಂದದ್ದಾದರೋ ಹುಳಿಗಾಗಿಯೇ. ಭಾವ ಒಪ್ಪಿದರು. ಅಕ್ಕ ಮುಡಿಯಲ್ಲಿದ್ದ ಮಲ್ಲಿಗೆಯ ತುಂಡನ್ನು ಸುರಾಯಿಯ ಬಾಯಿಗೆ ಸುತ್ತಿ ಊಟದ ನಡುವೆ ಇಟ್ಟಳು. ಹತ್ತೂವರೆಗೆ ಕರೆಂಟು ಬಂತು. ಉಳಿದ ಅರ್ಧ ಬಾಟಲಿ ಶೆನಿನ್ ಬ್ಲಾಂಕಿನ ತಿರುಪು ಮುಚ್ಚಳವನ್ನು ಬಿಗಿಮಾಡಿ ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಾತ್ರೆಯ ಪಕ್ಕದಲ್ಲಿ ನಿಲ್ಲಿಸಿದೆವು. ಮರುದಿನ ನಾವು ಹೊರಟ ಮೇಲೆ ಸಂಜೆ ಇಬ್ಬರೂ ಕಮಲಾಪುರದ ಬಾಳೆಹಣ್ಣಿನ ಜೊತೆ ಅದನ್ನು ಮುಗಿಸಿದರಂತೆ.